ಹಾಡಿಲ್ಲದ ಜಾಗ

"ಹಂಪಣ್ಣ ಸಾಬ್, ನಿಮ್ಮ ಸತ್ತ ಮೇಡಂ ಬಂದಿದ್ರು. ಸೂಜಿ ತಗೊಂಡು ಹೋದ್ರು."

ಶಿವಾಜಿನಗರದ ತನ್ನ ಸಣ್ಣ ಅಂಗಡಿಯಲ್ಲಿ ಹಳೆಯ ರೆಕಾರ್ಡುಗಳ ಧೂಳು ಹೊಡೆಯುತ್ತ ಖಾದರ್ ಈ ಮಾತು ಹೇಳಿದಾಗ ಹಂಪಣ್ಣ ಮೊದಲು ನಕ್ಕ.

"ಯಾವ ಮೇಡಂ?"

"ಐವಿ ಬ್ಲೇಕ್. ಗೋರಿ ಫೋಟೋ ಹಾಕಿ ಬರೆದಿದ್ರಲ್ಲ, ಅವ್ರೇ. ಗ್ರಾಮಫೋನ್ ಸೂಜಿ ಬೇಕು ಅಂದ್ರು. ಯಾವ ಪ್ಲೇಟಿಗೆ ಅಂತ ಕೇಳ್ದೆ. ನನ್ನ ಪ್ಲೇಟಿಗೇ ಅಂದ್ರು. ರಿಚರ್ಡ್ಸ್ ಟೌನಲ್ಲಿದಾರಂತೆ. ಮುರ್ದಾ ಎದ್ದು ಸೂಜಿ ಕೇಳ್ತಲ್ಲ ಸಾಬ್!"

ಹಂಪಣ್ಣ ಎರಡನೆಯ ಸಲ ನಗಲಿಲ್ಲ.

ಅದು 2003ರ ಏಪ್ರಿಲ್. ಇಂದಿರಾನಗರದ ವಿಮಾ ಕಚೇರಿಯೊಂದರಲ್ಲಿ ಹಂಪಣ್ಣ ಹಿರಿಯ ಗುಮಾಸ್ತ. ಮನೆ ಜೀವನ್ ಬಿಮಾ ನಗರದಲ್ಲಿ. ಕೊಪ್ಪಳದ ಕಡೆಯಿಂದ ಬಂದು ಹಲಸೂರಿನ ಬಾಡಿಗೆ ಕೋಣೆಯಲ್ಲಿದ್ದ ಕಾಲದಲ್ಲಿ ಎದುರು ಮನೆಯವರ ರೇಡಿಯೊಗ್ರಾಮಿನಿಂದ ಕೇಳಿಬರುತ್ತಿದ್ದ ಸೋಲ್ ಸಂಗೀತ ಅವನಿಗೆ ಅಂಟಿಕೊಂಡಿತ್ತು. ಅಮೆರಿಕದ ಕಪ್ಪು ಜನರ ಚರ್ಚುಗಳಲ್ಲಿ ಹುಟ್ಟಿ ಕ್ಲಬ್ಬುಗಳಲ್ಲಿ ಬೆಳೆದ ಆ ಹಾಡಿಕೆಯನ್ನು ದಂಡುಪ್ರದೇಶದ ಆಂಗ್ಲೋ ಇಂಡಿಯನ್ ಹುಡುಗ ಹುಡುಗಿಯರೂ ಒಂದು ಕಾಲಕ್ಕೆ ಹಾಡಿದ್ದರು. ಆಮೇಲೆ ಅವರು ಆಸ್ಟ್ರೇಲಿಯಾಕ್ಕೋ ಕೆನಡಾಕ್ಕೋ ಹೋದರು, ಇಲ್ಲವೇ ಮರೆತುಹೋದರು. ಮರೆತವರನ್ನು ಹುಡುಕಿ ದಾಖಲಿಸುವುದು ಹಂಪಣ್ಣನ ಕಸುಬಾಯಿತು. ಇಂಗ್ಲೆಂಡಿನ ಸಂಗ್ರಾಹಕರ ಪತ್ರಿಕೆಯೊಂದು ಅವನನ್ನು 'ಬೆಂಗಳೂರಿನ ಕೊನೆಯ ಮಾತು' ಎಂದು ಕರೆದಿತ್ತು.

ಆ ಹೆಸರು ನಿಂತಿದ್ದು ಐವಿ ಬ್ಲೇಕ್ ಮೇಲೆ. 1969ರಲ್ಲಿ ಆಕೆ ಹಾಡಿದ ಒಂದೇ ಒಂದು ರೆಕಾರ್ಡು ಇನ್ನೂರು ಪ್ರತಿ ಅಚ್ಚಾಗಿ, ಆಕೆಯ ಬ್ಯಾಂಡಿನ ಯಜಮಾನನ ಗೋದಾಮಿಗೆ ಬೆಂಕಿ ಬಿದ್ದಾಗ ಬಹುಪಾಲು ಸುಟ್ಟುಹೋಗಿತ್ತು. "ಇದುವರೆಗೆ ಕಂಡುಬಂದಿರುವುದು ಒಂದೇ ಪ್ರತಿ, ಅದು ಈ ಲೇಖಕನ ಬಳಿ ಇದೆ" ಎಂದು ಹಂಪಣ್ಣ ಬರೆದಿದ್ದ. ಆಕೆ 1975ರಲ್ಲಿ ಟೈಫಾಯ್ಡಿನಿಂದ ತೀರಿಕೊಂಡಳು, ಕಲ್ಪಳ್ಳಿಯ ಸ್ಮಶಾನದಲ್ಲಿ ಮಣ್ಣಾದಳು ಎಂದೂ ಬರೆದಿದ್ದ. ಅಲ್ಲಿ 'ಐ. ಬ್ಲೇಕ್' ಎಂದು ಕೆತ್ತಿದ ಕಲ್ಲು ಇದ್ದದ್ದು ನಿಜ. ಉಳಿದದ್ದನ್ನು ಅವನೇ ತುಂಬಿದ್ದ. ಚರ್ಚಿನ ದಾಖಲೆ ನೋಡಿದ್ದೇನೆ ಎಂದು ಅಡಿಟಿಪ್ಪಣಿಯಲ್ಲಿ ಹೇಳಿಕೊಂಡಿದ್ದ. ನೋಡಿರಲಿಲ್ಲ. ವರ್ಷವರ್ಷವೂ ಇಂಗ್ಲೆಂಡಿನಿಂದ ಬರುವ ನಾಲ್ಕಾರು ಜನ ಅವನ ಹಿಂದೆ ಸಾಲಾಗಿ ನಡೆದು ಆ ಕಲ್ಲಿಗೆ ಹೂವಿಡುತ್ತಿದ್ದರು. ಈಗ ಪುಸ್ತಕ ಅಚ್ಚಿನಲ್ಲಿತ್ತು. ಜೂನ್ ತಿಂಗಳಲ್ಲಿ ಬಿಡುಗಡೆ, ಅದೂ ಗೋರಿಯ ಬಳಿಯೇ.

ಮರುದಿನ ಅವನು ಖಾದರ್ ಹೇಳಿದ ಗುರುತು ಹಿಡಿದು ರಿಚರ್ಡ್ಸ್ ಟೌನಿಗೆ ಹೋದ. ಹಳೆಯ ಬಂಗಲೆಯೊಂದರ ಹಿಂದೆ, ನಡುವೆ ಒಂದೇ ಗೋಡೆಯಿರುವ ಎರಡು ಪುಟ್ಟ ಮನೆಗಳು. ಒಂದರಲ್ಲಿ ಬ್ಲೌಸ್ ಹೊಲಿಯುವ ಮಂಜುಳಮ್ಮ. ಇನ್ನೊಂದರಲ್ಲಿ ಮಿಸೆಸ್ ಡಿಕ್ರೂಜ್ ಎಂಬ ವಿಧವೆ. ವಯಸ್ಸು ಅರವತ್ತು ದಾಟಿತ್ತು. ಎದೆಯಲ್ಲಿ ಅಸ್ತಮಾದ ಸಿಳ್ಳು. ಐವಿ ಬ್ಲೇಕ್ ಎಂಬ ಹೆಸರನ್ನು ಮದುವೆಯ ದಿನವೇ ಬಿಟ್ಟಿದ್ದಳಂತೆ.

"ಬನ್ನಿ ಮ್ಯಾನ್, ಬನ್ನಿ. ನನ್ನ ಸಾಯಿಸಿದೋರು ನೀವೇ ಅಲ್ವಾ? ಖಾದರ್ ಎಲ್ಲಾ ಹೇಳ್ದ. ಹೆಂಗಿದೆ ನನ್ನ ಗೋರಿ? ನೆರಳು ಗಿರಳು ಇದ್ಯಾ?"

"ತಪ್ಪಾಯ್ತು ಮೇಡಂ."

"ತಪ್ಪೇನ್ ಬಂತು? ಮೂವತ್ತು ವರ್ಷದಲ್ಲಿ ನನ್ನ ನೆನಪಿಟ್ಕೊಂಡೋರು ನೀವೊಬ್ರೇ. ಜೂನಲ್ಲಿ ನಿಮ್ಮ ಇಂಗ್ಲಿಷ್ ಜನ ಬರ್ತಾರಂತಲ್ಲ, ನಾನೂ ಬರ್ತೀನಿ. ನನ್ನ ಗೋರಿಗೆ ನಾನೇ ಹೂವಿಟ್ಟು ಅಲ್ಲೇ ಹಾಡ್ತೀನಿ. ಅವ್ರ ಮುಖ ನೋಡ್ಬೇಕು ಮ್ಯಾನ್. ನಿಮ್ಮ ಮುಖಾನೂ!"

ಅವಳು ಬಾಯಿ ತುಂಬ ನಕ್ಕಳು. ನಗು ಕೆಮ್ಮಾಯಿತು, ಕೆಮ್ಮು ಏದುಸಿರಾಯಿತು. ಸ್ವೆಟರಿನ ಜೇಬಿನಿಂದ ಇನ್‌ಹೇಲರ್ ತೆಗೆದು ಎರಡು ಸಲ ಎಳೆದುಕೊಂಡ ಮೇಲೆ ಉಸಿರು ಹದಕ್ಕೆ ಬಂತು. ಹಂಪಣ್ಣ ಗಡಿಯಾರ ನೋಡಿದ. ಇನ್‌ಹೇಲರ್ ಸಿಗುವುದು ಇನ್ನೈದು ನಿಮಿಷ ತಡವಾಗಿದ್ದರೆ ಏನಾಗುತ್ತಿತ್ತು ಎಂಬುದು ಆ ಕ್ಷಣದಲ್ಲಿ ಅವನಿಗೆ ಬರಿಯ ಕುತೂಹಲದ ವಿಷಯವಾಗಿತ್ತು.

ಅವಳು ತನ್ನ ರೆಕಾರ್ಡು ತಂದು ಕೊಟ್ಟಳು. ಹಂಪಣ್ಣ ಜೇಬಿನಿಂದ ಬಿಳಿಯ ಹತ್ತಿಯ ಕೈಗವಸು ತೆಗೆದು ಹಾಕಿಕೊಂಡ.

"ಡಾಕ್ಟರಾ ನೀವು? ಆಪರೇಷನ್ ಮಾಡ್ತೀರಾ?"

ಅವನು ರೆಕಾರ್ಡನ್ನು ಕವರಿನಿಂದ ಹೊರತೆಗೆದ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡುತ್ತಿದ್ದ. ಗೆರೆಗಳು ಸವೆದು ಬೂದಿ ಬಣ್ಣಕ್ಕೆ ತಿರುಗಿದ್ದವು, ಆದರೆ ಗೀರಿರಲಿಲ್ಲ. ಅವನ ಕಣ್ಣು ಹುಡುಕುತ್ತಿದ್ದುದು ಗೆರೆಗಳನ್ನಲ್ಲ. ಹಾಡು ಮುಗಿದ ಮೇಲೆ, ಲೇಬಲ್ಲಿನ ಸುತ್ತ, ನುಣುಪಾದ ಒಂದು ಬಳೆಯಷ್ಟು ಜಾಗ ಉಳಿಯುತ್ತದೆ. ಅಲ್ಲಿ ಹಾಡಿಲ್ಲ. ಅಚ್ಚು ಹಾಕಿದವರು ಕೈಯಿಂದ ಗೀಚಿದ ಸಂಖ್ಯೆಗಳಿರುತ್ತವೆ. ಸಂಶೋಧಕರು ಓದುವುದು ಅದನ್ನೇ. ಅವನ ಪ್ರತಿಯಲ್ಲಿದ್ದ ಸಂಖ್ಯೆಯೇ ಇಲ್ಲಿಯೂ ಇತ್ತು. ಅದರ ಮುಂದೆ ಕೂದಲೆಳೆಯಷ್ಟು ತೆಳುವಾದ ಒಂದು ನಕ್ಷತ್ರ. ಮೊದಲ ಅಚ್ಚಿನ ಗುರುತು!

"ಹಾಕ್ಲಾ? ಕೇಳಿ ಒಂದ್ಸಲ. ಇದಕ್ಕೊಂದು ಕೆಟ್ಟ..."

"ಬೇಡ ಬೇಡ ಮೇಡಂ! ಸೂಜಿ ತಾಗಿದಷ್ಟೂ ಸವೆಯತ್ತೆ."

"ಹಾಡು ಕೇಳಲ್ವಾ? ಎಂಥಾ ಮನುಷ್ಯ ಮ್ಯಾನ್ ನೀವು! ನಾನು ದಿನಾ ನಾಲ್ಕು ಗಂಟೆಗೆ ಟೀ ಜತೆ ಹಾಕ್ತೀನಿ. ಕರೆಂಟ್ ಬರೋದೂ ಆಗ್ಲೇ. ಗೋಡೆ ಆ ಕಡೆ ಮಂಜುಳಂಗೂ ಅಭ್ಯಾಸ ಆಗೋಗಿದೆ."

ಜೂನ್‌ವರೆಗೆ ಈ ಗುಟ್ಟು ತಮ್ಮಿಬ್ಬರಲ್ಲೇ ಇರಲಿ, ಎಲ್ಲರಿಗೂ ಆಶ್ಚರ್ಯವಾಗಲಿ ಎಂದು ಹಂಪಣ್ಣ ಕೇಳಿಕೊಂಡ. ಅವಳು ಚಿಕ್ಕ ಹುಡುಗಿಯಂತೆ ತುಟಿಯ ಮೇಲೆ ಬೆರಳಿಟ್ಟುಕೊಂಡಳು. ಖಾದರನಿಗೆ ಅವನು, "ಅಯ್ಯೋ, ಅದು ಬೇರೆ ಯಾರೋ ಮಾರಾಯ, ತಲೆ ಸರಿಯಿಲ್ಲ ಪಾಪ" ಎಂದ. ಖಾದರ್, "ಹೋಗ್ಲಿ ಬಿಡಿ ಸಾಬ್, ಸೂಜಿ ಅಂತೂ ಹೋಯ್ತು" ಎಂದು ಸುಮ್ಮನಾದ.

ತಪ್ಪು ತಿದ್ದುವುದಕ್ಕೆ ಎರಡು ದಾರಿಗಳಿದ್ದವು. ಬರೆದದ್ದನ್ನು ತಿದ್ದಬಹುದಿತ್ತು, ಇಲ್ಲವೇ ಬದುಕಿರುವುದನ್ನು. ಬರೆದದ್ದು ಆಗಲೇ ಅಚ್ಚಿಗೆ ಹೋಗಿತ್ತು. ಇತ್ತ ಮಿಸೆಸ್ ಡಿಕ್ರೂಜ್ ಎಂಬ ಮುದುಕಿ ಅಸ್ತಮಾದಿಂದ ಸತ್ತರೆ ಐವಿ ಬ್ಲೇಕ್‌ಗೆ ಏನೂ ಆಗುವುದಿಲ್ಲ; ಅವಳು ಸತ್ತು ಇಪ್ಪತ್ತೆಂಟು ವರ್ಷವಾಗಿತ್ತು.

ಮೂರು ವಾರ ಹಂಪಣ್ಣ ದಾಖಲೆ ಸಂಗ್ರಹಿಸುವವನ ತಾಳ್ಮೆಯಿಂದ ಕೆಲಸ ಮಾಡಿದ. ಆ ಬೇಸಿಗೆ ಲೋಡ್ ಶೆಡ್ಡಿಂಗ್ ಜೋರಾಗಿತ್ತು. ಪತ್ರಿಕೆಯಲ್ಲಿ ವೇಳಾಪಟ್ಟಿ ಬರುತ್ತಿತ್ತು. ರಿಚರ್ಡ್ಸ್ ಟೌನಿಗೆ ಮಧ್ಯಾಹ್ನ ಎರಡರಿಂದ ನಾಲ್ಕು. ಹನ್ನೊಂದು ದಿನ ಪರೀಕ್ಷಿಸಿದ. ಕರೆಂಟ್ ಒಂದು ದಿನವೂ ಐದು ನಿಮಿಷಕ್ಕಿಂತ ಹೆಚ್ಚು ತಪ್ಪಲಿಲ್ಲ. ಮಂಜುಳಮ್ಮ ಗುರುವಾರಗಳಂದು ಒಂದೂವರೆಗೆ ಹೊಲಿದ ಬ್ಲೌಸುಗಳ ಗಂಟು ಹೊತ್ತು ಕಮರ್ಷಿಯಲ್ ಸ್ಟ್ರೀಟಿಗೆ ಹೋದರೆ ಬರುವುದು ಮೂರೂವರೆಗೆ. ಬಂಗಲೆಯವರು ಊಟವಾದ ಮೇಲೆ ನಿದ್ದೆ ಮಾಡುತ್ತಿದ್ದರು. ಹಿಂದಿನ ಓಣಿಯ ಗೇಟಿಗೆ ಚಿಲಕವಿರಲಿಲ್ಲ.

ಇನ್ನು ಅವಳ ಪ್ಲೇಯರ್. ಆರು ರೆಕಾರ್ಡು ಪೇರಿಸಿಟ್ಟರೆ ಒಂದಾದ ಮೇಲೊಂದು ಹಾಡಿಸುವ ಹಳೆಯ ಚೇಂಜರ್ ಅದು. ಮೇಲಿನ ಕೋಲನ್ನು ಬದಿಗೆ ಸರಿಸಿಟ್ಟರೆ ಇರುವ ಒಂದನ್ನೇ ಮತ್ತೆ ಮತ್ತೆ ಹಾಡಿಸುತ್ತಿತ್ತು. ಕರೆಂಟಿಲ್ಲದಾಗ ಸ್ವಿಚ್ ಒತ್ತಿ, ಸೂಜಿಯನ್ನು ಮೊದಲ ಗೆರೆಯ ಮೇಲಿಟ್ಟು ಹೋದರೆ, ನಾಲ್ಕು ಗಂಟೆಗೆ ವಿದ್ಯುತ್ ಇಲಾಖೆಯೇ ಬಂದು ಐವಿ ಬ್ಲೇಕ್‌ಳನ್ನು ಹಾಡಿಸುತ್ತದೆ. ಗೋಡೆಯಾಚೆಗೆ ಮಂಜುಳಮ್ಮ ಕೇಳಿಸಿಕೊಳ್ಳುತ್ತಾಳೆ: ನಾಲ್ಕು ಗಂಟೆಗೆ ಮುದುಕಿ ಬದುಕಿದ್ದಳು. ಅದೇ ನಾಲ್ಕು ಗಂಟೆಗೆ ಹಂಪಣ್ಣ ಇಂದಿರಾನಗರದಲ್ಲಿ, ನಿವೃತ್ತನಾಗುತ್ತಿರುವ ಸಹೋದ್ಯೋಗಿ ಹುಲಿಗೆಪ್ಪನ ಬೀಳ್ಕೊಡುಗೆಯಲ್ಲಿ, ಮೂವತ್ತು ಜನರ ಮುಂದೆ ಮಾತಾಡುತ್ತಿರುತ್ತಾನೆ.

ಆ ನಕ್ಷತ್ರವನ್ನು ಬಿಟ್ಟು ಬರುವ ಮಾತೇ ಇರಲಿಲ್ಲ. ಸತ್ತವಳ ಮನೆಯಿಂದ ರೆಕಾರ್ಡೊಂದು ಮಾಯವಾದರೆ ಯಾರಾದರೂ ಕೇಳಿಯಾರು. ಬದಲಿಗೆ ಅಂಥದ್ದೇ ಇನ್ನೊಂದಿದ್ದರೆ ಯಾರು ಕೇಳುತ್ತಾರೆ? ಎರಡರ ಲೇಬಲ್ಲೂ ಒಂದೇ ಬಣ್ಣಗೆಟ್ಟ ನೀಲಿ. ಎರಡೂ ಬೂದಿ ಬಣ್ಣಕ್ಕೆ ತಿರುಗಿದ್ದವು. ಭಾನುವಾರ ಅವನು ತನ್ನ ಪ್ರತಿಯನ್ನು, ಹನ್ನೊಂದು ವರ್ಷಗಳಲ್ಲಿ ಮೊದಲ ಬಾರಿಗೆ, ಪ್ಲೇಯರಿಗೆ ಹಾಕಿ ಹತ್ತು ಸಲ ಓಡಿಸಿ ನೋಡಿದ. ಎಲ್ಲಿಯೂ ಎಡವಲಿಲ್ಲ. ಎಡವಿದರೆ ಕೆಲಸ ಕೆಡುತ್ತಿತ್ತು.

ಗುರುವಾರ ಎರಡೂ ಕಾಲಿಗೆ ಅವನು ಹಿಂದಿನ ಗೇಟಿನಿಂದ ಒಳಗೆ ಹೋದ. ಕೈಯಲ್ಲಿ ಬ್ಯಾಟರಿಯ ಟೇಪ್ ರೆಕಾರ್ಡರ್. ಪುಸ್ತಕದ ಜತೆಗೆ ಆಕೆಯ ಈಗಿನ ಧ್ವನಿಯನ್ನೂ ಕೊಡಬೇಕು ಎಂದ. ಅವಳು ತುಟಿಗೆ ಬಣ್ಣ ಹಚ್ಚಿಕೊಂಡು ಬಂದು ಕೂತಳು. ಸ್ವೆಟರ್ ಉಸಿರುಕಟ್ಟಿಸುತ್ತದೆ, ತೆಗೆದಿಡಿ ಎಂದ. ಬಿಚ್ಚಿ ಅವನ ಕೈಗೆ ಕೊಟ್ಟಳು. ಹಾಡಿದಳು. ಧ್ವನಿ ಒಡೆದಿತ್ತು, ಆದರೂ ಮೇಲಿನ ಸ್ವರಕ್ಕೆ ಏರುವಾಗ ಹಂಪಣ್ಣನ ಕೈಯ ರೋಮ ಎದ್ದು ನಿಂತಿತು.

"ಇನ್ನೊಂದ್ಸಲ ಮೇಡಂ. ಆ ಮೇಲಿನ ಜಾಗ ಸ್ವಲ್ಪ ಎಳೀರಿ."

ಎಳೆದಳು.

"ಇನ್ನೊಂದೇ ಸಲ. ಆಗಿನ ಥರ."

ಐದನೆಯ ಸಲಕ್ಕೆ ಸ್ವರ ಮುರಿದು ಸಿಳ್ಳಾಯಿತು. ಅವಳು ಸ್ವೆಟರಿಗೆ ಕೈ ಚಾಚಿದಳು. ಅದು, ಜೇಬಿನ ಇನ್‌ಹೇಲರ್ ಸಮೇತ, ಹಂಪಣ್ಣನ ತೊಡೆಯ ಮೇಲಿತ್ತು. "ಪಂಪ್... ಮ್ಯಾನ್, ಪಂಪ್..." ಎಂದಳು. ಹಂಪಣ್ಣ ಕೈಗವಸು ಹಾಕಿಕೊಳ್ಳುತ್ತಿದ್ದ. ಅವಳ ಕಣ್ಣಲ್ಲಿ ಮೊದಲು ಬೇಡಿಕೆ ಇತ್ತು, ಆಮೇಲೆ ಗೊಂದಲ, ಕೊನೆಗೆ ತಿಳಿವಳಿಕೆ. ಎದ್ದಳು, ಎರಡು ಹೆಜ್ಜೆ ಇಟ್ಟಳು, ಗೋಡೆಯನ್ನು ಅಂಗೈಯಿಂದ ಬಡಿದಳು. ಗೋಡೆಯಾಚೆ ಯಾರೂ ಇರಲಿಲ್ಲ. ಎಲ್ಲ ಮುಗಿಯುವುದಕ್ಕೆ ಅವನು ಅಂದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಟೇಪ್ ರೆಕಾರ್ಡರಿನೊಳಗೆ ಕ್ಯಾಸೆಟ್ಟೇ ಇರಲಿಲ್ಲ.

ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಸ್ವೆಟರ್ ತೊಡಿಸಿ, ಇನ್‌ಹೇಲರನ್ನು ಬೆರಳಿಗೆ ಎಟುಕದಷ್ಟು ದೂರ ನೆಲದ ಮೇಲಿಟ್ಟ. ತನ್ನ ರೆಕಾರ್ಡು ಚೇಂಜರಿಗೆ, ಅವಳದು ತನ್ನ ಚೀಲಕ್ಕೆ. ಕೋಲು ಬದಿಗೆ, ಸೂಜಿ ಮೊದಲ ಗೆರೆಗೆ, ಸ್ವಿಚ್ ಒತ್ತಿದ್ದಾಯಿತು. ಮೂರಕ್ಕೆ ಓಣಿಯಲ್ಲಿದ್ದ, ನಾಲ್ಕಕ್ಕೆ ಹುಲಿಗೆಪ್ಪನ ಪ್ರಾಮಾಣಿಕತೆಯ ಬಗ್ಗೆ ಮಾತಾಡುತ್ತಿದ್ದ. ಚಪ್ಪಾಳೆ ಚೆನ್ನಾಗಿಯೇ ಬಿತ್ತು.

ಶನಿವಾರದ ಪತ್ರಿಕೆಯಲ್ಲಿ ಏನೂ ಬರಲಿಲ್ಲ. ಭಾನುವಾರದ್ದರಲ್ಲಿಯೂ ಇಲ್ಲ.

ಮಂಗಳವಾರ ಬೆಳಿಗ್ಗೆ ಸಬ್ ಇನ್‌ಸ್ಪೆಕ್ಟರ್ ಮುನಿಶಾಮಿ ಮನೆಗೆ ಬಂದ. ಜತೆಗೆ, ಸೆರಗು ಹೊದ್ದು ಮುದುಡಿಕೊಂಡಿದ್ದ ಮಂಜುಳಮ್ಮ.

"ತೊಂದ್ರೆ ಕೊಟ್ಟೆ ಸರ್. ರಿಚರ್ಡ್ಸ್ ಟೌನಲ್ಲಿ ಒಬ್ರು ವಯಸ್ಸಾದೋರು ತೀರ್ಕೊಂಡ್ರು. ಅಸ್ತಮಾ ಅಂತಾರೆ ಡಾಕ್ಟ್ರು. ಅವ್ರ ಮನೇಲಿದ್ದ ಸೂಜಿ ಪೊಟ್ಟಣದ ಮೇಲೆ ಶಿವಾಜಿನಗರದ ಖಾದರ್ ಅಂಗಡಿ ಸೀಲಿತ್ತು. ಅವನನ್ನ ಕೇಳಿದ್ರೆ, ಈ ಪ್ಲೇಟಿನ ವಿಷಯ ಗೊತ್ತಿರೋರು ಊರಲ್ಲಿ ನೀವೊಬ್ರೇ ಅಂದ. ನಿಮ್ಮ ಹತ್ರಾನೂ ಒಂದಿದ್ಯಂತಲ್ಲ?"

"ಇದೆ. ಅವರ ಹತ್ತಿರವೂ ಇತ್ತು ಅಂದ್ರೆ ಅದು ಎರಡನೇ ಪ್ರತಿ. ನನಗೆ ಗೊತ್ತೇ ಇರಲಿಲ್ಲ," ಎಂದ ಹಂಪಣ್ಣ. ಸತ್ತವಳು ಹಾಡುಗಾರ್ತಿಯೇ ಎಂದು ಕೇಳುತ್ತಾರೆ, ಗೋರಿಯ ಫೋಟೋ ತೋರಿಸಿದರಾಯಿತು ಎಂದುಕೊಂಡ.

"ಈ ಯಮ್ಮಂಗೆ ಒಂದೇ ಒಂದು ಡೌಟು. ನಿಮ್ಮದನ್ನ ಒಂದ್ಸಲ ಕೇಳಿಸ್ತೀರಾ?"

"ಕ್ಯಾಸೆಟ್ ಇದೆ, ಹಾಕ್ತೀನಿ."

"ಕ್ಯಾಸೆಟ್ ಬೇಡ ಸರ್. ಪ್ಲೇಟೇ ಹಾಕಿ."

ಹಿಂಜರಿದರೆ ಸಂಶಯಕ್ಕೆ ಜಾಗ ಕೊಟ್ಟಂತೆ. ಆ ನಕ್ಷತ್ರ ಅವರ ಕಣ್ಣಿಗೆ ಬೀಳುವುದಿಲ್ಲ, ಬಿದ್ದರೂ ಅರ್ಥವಾಗುವುದಿಲ್ಲ. ಅವನು ಕೈಗವಸು ಹಾಕಿಕೊಂಡು ರೆಕಾರ್ಡನ್ನು ಹೊರತೆಗೆದ. ರಿಚರ್ಡ್ಸ್ ಟೌನಿನಿಂದ ತಂದ ಮೇಲೆ ಅದನ್ನು ಒಮ್ಮೆಯೂ ಹಾಡಿಸಿರಲಿಲ್ಲ. ನೋಡಿದ್ದ ಅಷ್ಟೇ.

ಮೊದಲ ಚರಣ ಸರಾಗವಾಗಿ ಹೋಯಿತು. ಎರಡನೆಯದರ ನಡುವೆ, ಕಣ್ಣಿಗೆ ಕಾಣದ ಯಾವುದೋ ಅಚ್ಚಿನ ದೋಷಕ್ಕೆ ಸೂಜಿ ಸಿಕ್ಕಿಕೊಂಡಿತು. ಐವಿ ಬ್ಲೇಕ್ ಅದೇ ಮೂರು ಮಾತನ್ನು ಹೇಳಿದಳು, ಮತ್ತೆ ಹೇಳಿದಳು, ಮತ್ತೆ. ಮಂಜುಳಮ್ಮನ ಬಲಗೈ ಅವಳಿಗೇ ಅರಿವಿಲ್ಲದಂತೆ ಎದ್ದು ಪಕ್ಕದ ಗೋಡೆಯನ್ನು ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿತು. "ಹತ್ತೊಂಬತ್ತು ವರ್ಷದಿಂದ ದಿನಾ ನಾಲ್ಕು ಗಂಟೆಗೆ ಇದೇ ಜಾಗದಲ್ಲಿ ಸಿಕ್ಕಾಕೊಳ್ತಿತ್ತು ಸಾರ್," ಎಂದಳು ಅವಳು, ಹಂಪಣ್ಣನ ಕಡೆ ನೋಡದೆ. "ನಾನು ಗೋಡೆ ಕುಟ್ಟೋದು, ಮೇಡಂ ಎದ್ದು ಸೂಜಿ ತಳ್ಳೋದು. ಅವ್ರು ಚೆನ್ನಾಗಿದಾರೆ ಅನ್ನೋದಕ್ಕೆ ನಮಗೆ ಅದೇ ಲೆಕ್ಕ. ಅವತ್ತು ಗುರುವಾರ ಮಾತ್ರ ಒಂದ್ಸಲಾನೂ ಸಿಕ್ಕಾಕೊಳ್ಲಿಲ್ಲ." ಐವಿ ಬ್ಲೇಕ್ ಅದೇ ಮೂರು ಮಾತು ಹೇಳುತ್ತಲೇ ಇದ್ದಳು. ಕೈಗವಸು ಹಾಕಿದ ಕೈಯನ್ನು ಗಾಳಿಯಲ್ಲೇ ಹಿಡಿದು ನಿಂತಿದ್ದ ಹಂಪಣ್ಣನಿಗೆ ಸೂಜಿ ತಳ್ಳುವುದಕ್ಕೆ ಆಗಲಿಲ್ಲ.