ಫೋರ್‌ಮನ್ ಮಲಗುವ ಕೌಂಟಿ

ಬಂದೂಕಿನ ನಳಿಗೆ ನನ್ನ ಎಡಗಿವಿಗೆ ತಾಗಿತು. ತಣ್ಣಗಿತ್ತು.

"ಯಾರೋ ನೀನು? ನನ್ನ ಹಿತ್ತಿಲ ಕೋಣೇಲಿ ಏನೋ ಕೆಲಸ?"

"ಸಮನ್ಸು ತಂದಿದ್ದೀನಿ, ಡೀಕನ್ ಸಾಹೇಬ್ರೇ. ಮಧ್ಯಾಹ್ನ ಜಾಕ್ಸನ್ ಕೋರ್ಟಿಗೆ ಬರ್ಬೇಕು ನೀವು."

"ಸಮನ್ಸು ತರೋನು ಷೆರೀಫ್ ಅಲ್ವೇನೋ?"

"ನೀವು ಊರಲ್ಲೇ ಇಲ್ಲ ಅಂತ ಅವ್ರು ಪ್ರತಿ ಸಲ ವಾಪಸ್ ಕಳಿಸ್ತಾರೆ. ನೋಡಿದ್ರೆ ಇಲ್ಲೇ ಇದ್ದೀರಿ... ದೇವರ ದಯ!"

ಕಾಗದವನ್ನು ಅವನ ಅಂಗಿಯ ಜೇಬಿಗೆ ತುರುಕಿದೆ. ತಡೆಯಲು ಅವನಿಗೆ ಕೈಯೇ ಖಾಲಿ ಇರಲಿಲ್ಲ. ಒಂದರಲ್ಲಿ ಬಂದೂಕು, ಇನ್ನೊಂದರಲ್ಲಿ ವಿಸ್ಕಿ ಗ್ಲಾಸು. ಎರಡನ್ನೂ ಬಿಡುವ ಮನಸ್ಸಿಲ್ಲ!

ಆಗಿನ್ನೂ ಬೆಳಗಿನ ತಿಂಡಿಯ ಹೊತ್ತು.

ನನ್ನ ಹೆಸರು ರೂಫಸ್ ಟಾಲಿ. ಮಿಸಿಸಿಪಿಯಲ್ಲಿ ವಕೀಲರಿಗಾಗಿ ಓಡಾಡುವವನು. ಅವರು ಕೋಟು ಹಾಕಿಕೊಂಡು ಕೇಳಲಾಗದ ಪ್ರಶ್ನೆಗಳನ್ನು ನಾನು ಒದೆ ತಿಂದು ಕೇಳುತ್ತೇನೆ.

ಈ ಸಲ ಓಡಾಡುತ್ತಿದ್ದದ್ದು ಕ್ಲೀಟಸ್ ಬೀಮನ್‌ಗಾಗಿ. ಹ್ಯಾಸ್ಕಿನ್ಸ್ ಕೌಂಟಿಯ, ಅಂದರೆ ಆ ಜಿಲ್ಲೆಯ, ಅಂಗಡಿಯವನೊಬ್ಬನನ್ನು ಕೊಂದನೆಂದು ಅವನಿಗೆ ಮರಣದಂಡನೆ. ಕೊಂದವನು ಇವನಲ್ಲ. ಇರುವೆ ತುಳಿದರೂ ಎರಡು ದಿನ ಊಟ ಬಿಡುವ ಪ್ರಾಣಿ ಅವನು.

ಅವನಿಗೆ ಶಿಕ್ಷೆ ಕೊಟ್ಟ ಜೂರಿಯಲ್ಲಿ ನಮ್ಮ ಬಣ್ಣದವರು, ಕರಿಯರು, ಒಬ್ಬರೂ ಇರಲಿಲ್ಲ. ಬಂದಿದ್ದವರನ್ನು ಸರ್ಕಾರಿ ವಕೀಲ ಏನಾದರೊಂದು ನೆಪ ಹೇಳಿ ಒಬ್ಬೊಬ್ಬರನ್ನೇ ಎಬ್ಬಿಸಿ ಮನೆಗೆ ಕಳಿಸಿದ. ಒಬ್ಬಳು ಆಕಳಿಸಿದಳಂತೆ. ಇನ್ನೊಬ್ಬ ಆಕಳಿಸಲೇ ಇಲ್ಲವಂತೆ!

ನಮ್ಮ ವಕೀಲೆ ವರ್ನಾ ಸ್ಟೋಕ್ಸ್ ಅದನ್ನೇ ಹಿಡಿದು ಅಪೀಲು ಹಾಕಿದಳು. ಮೇಲಿನ ಕೋರ್ಟು ಕೂಡ ಆಕಳಿಸಿತು.

ಅವಳ ಇನ್ನೊಂದು ತಕರಾರಿಗೆ ಮಾತ್ರ ಕಿವಿಗೊಟ್ಟಿತು. ಕೇಸು ಶುರುವಾಗಬೇಕಾದರೆ ಮೊದಲು ಗ್ರ್ಯಾಂಡ್ ಜೂರಿ ಎಂಬ ಪಂಚರ ಗುಂಪು ಒಪ್ಪಬೇಕು. ಅದರ ಫೋರ್‌ಮನ್ ಆರೋಪಪಟ್ಟಿಗೆ ಸಹಿ ಹಾಕಬೇಕು. ಆ ಫೋರ್‌ಮನ್ ಅದೇ ಕೌಂಟಿಯ ನಿವಾಸಿಯಾಗಿರಬೇಕು. ಸಹಿ ಹಾಕಿದ್ದ ಈ ಡೀಕನ್ ಹಾಲಿಸ್ ಕ್ರಾಬ್‌ಟ್ರೀ ಹ್ಯಾಸ್ಕಿನ್ಸ್‌ನವನೇ ಅಲ್ಲ ಎಂದು ವರ್ನಾ ವಿಚಾರಣೆಯ ಮೊದಲ ದಿನವೇ ಹೇಳಿದ್ದಳು. ಆಗಿನ ಜಡ್ಜ್ ನಕ್ಕುಬಿಟ್ಟಿದ್ದ. ಮೇಲಿನ ಕೋರ್ಟು "ಜಾಕ್ಸನ್ನಿನ ಜಡ್ಜ್ ಮುಂದೆ ಸಾಬೀತು ಮಾಡಿ" ಎಂದು ಆ ಮಧ್ಯಾಹ್ನವನ್ನೇ ಕಡೆ ಅವಕಾಶವಾಗಿ ಕೊಟ್ಟಿತ್ತು. ಮಾಡದಿದ್ದರೆ ಕ್ಲೀಟಸ್‌ನ ಕತೆ ಮುಗಿಯಿತು.

ಸಂಗತಿ ಇಷ್ಟೇ. ಹ್ಯಾಸ್ಕಿನ್ಸ್‌ನಲ್ಲಿ ಪಾನನಿಷೇಧ. ಮನೆಯಲ್ಲಿ ಬಾಟಲಿ ಸಿಕ್ಕರೂ ಜೈಲು. ಪಕ್ಕದ ಲವಾಲ್ ಕೌಂಟಿಯಲ್ಲಿ ಎಷ್ಟು ಬೇಕಾದರೂ ಕುಡಿ! ಹಾಲಿಸ್ ಡೀಕನ್, ಅಂದರೆ ಚರ್ಚಿನ ಹಿರಿಯ, ಕಾನೂನು ಮುರಿಯುವವನಲ್ಲ. ಅದಕ್ಕೇ ಗಡಿಯ ಮೇಲೇ ಮನೆ ಕಟ್ಟಿಸಿದ. ಹ್ಯಾಸ್ಕಿನ್ಸ್ ಕಡೆಯ ಮುಂಭಾಗದಲ್ಲಿ ಬೈಬಲ್ಲು, ಹೆಂಡತಿ. ಲವಾಲ್ ಕಡೆಯ ಹಿಂಭಾಗದಲ್ಲಿ ಬಾಟಲಿ. ನಡುವೆ ಅಡಿಗೆಮನೆಯ ಹೊಸಿಲು. ಅದರ ಮೇಲೆ ಮೋಜಣಿಯವರು ಹೊಡೆದ ಹಿತ್ತಾಳೆ ಮೊಳೆಗಳೇ ಗಡಿ.

ಕೋರ್ಟಿನ ಲೆಕ್ಕದಲ್ಲಿ ಮನುಷ್ಯ ಎಲ್ಲಿ ಮಲಗುತ್ತಾನೋ ಅಲ್ಲಿಯವನು. ಹಾಲಿಸ್ ಕುಡಿದಲ್ಲೇ ಮಲಗುತ್ತಿದ್ದ. ಇದು ಊರಿಗೆಲ್ಲ ಗೊತ್ತು. ಪ್ರಮಾಣ ಮಾಡಿ ಹೇಳಿ ಅಂದರೆ ಯಾರಿಗೂ ಗೊತ್ತಿಲ್ಲ!

"ಯೂಲಾ! ಷೆರೀಫ್‌ಗೆ ಫೋನ್ ಮಾಡೇ!" ಎಂದು ಹಾಲಿಸ್ ಹೆಂಡತಿಗೆ ಕೂಗಿದ.

ಫೋನ್ ಬೇಕಿರಲಿಲ್ಲ. ಹ್ಯಾಸ್ಕಿನ್ಸ್ ಪೊಲೀಸರ ಮುಖ್ಯಸ್ಥ, ಷೆರೀಫ್ ಡ್ವೇನ್ ಪುಗ್, ಬೆಳಗಿನಿಂದ ನನ್ನ ಬೆನ್ನಿಗೇ ಇದ್ದ. ದಾರಿಯಲ್ಲಿ ನನ್ನ ಕಾರಿಗೆ ಎರಡು ಸಲ ಗುದ್ದಿದ್ದ. ಮೂರನೇ ಗುದ್ದಿಗೆ ಕಾರು ಮೀನಿನ ಹೊಂಡಕ್ಕೆ ಬಿತ್ತು. ಹತ್ತಿಯ ಹೊಲದಲ್ಲಿ ತೆವಳಿಕೊಂಡು ಇಲ್ಲಿಗೆ ಬಂದಿದ್ದೆ. ಮಂಡಿ ಕಿತ್ತು ರಕ್ತ ಸುರಿಯುತ್ತಿತ್ತು.

ಅಂಗಳದಲ್ಲಿ ಬ್ರೇಕು ಕಿರುಚಿತು. ಬೂಟಿನ ಸದ್ದು... ಪಡಸಾಲೆ... ಅಡಿಗೆಮನೆ...

"ಟಾಲಿ! ಬಾರೋ ಈಚೆ! ನಿನ್ನ ಮೂಳೆ ಪುಡಿ ಮಾಡ್ತೀನಿ!"

"ಮಂಡಿ ನೋವು, ಷೆರೀಫ್. ನೀವೇ ಬನ್ನಿ."

ಪುಗ್ ಬೂಟು ಎತ್ತಿದ. ಹಿತ್ತಾಳೆ ಮೊಳೆ ನೋಡಿದ. ಮೇಜಿನ ಮೇಲಿನ ಬಾಟಲಿ ನೋಡಿದ. ಬೂಟು ಗಾಳಿಯಲ್ಲೇ ನಿಂತಿತು.

"ಡ್ವೇನ್!" ಹಾಲಿಸ್‌ನ ದನಿ ನಡುಗಿತು. "ಕಾಲು ಕೆಳಗಿಡಪ್ಪ... ಆ ಕಡೇನೇ ಇಡು! ಈ ಕೋಣೆ ನಿನ್ನ ಕೌಂಟಿ ಆದ್ರೆ ಮೊದ್ಲು ನನ್ನನ್ನೇ ಹಿಡೀಬೇಕಾಗತ್ತೆ ನೀನು!"

ಷೆರೀಫ್ ಕಾಲು ಹಿಂತೆಗೆದ. ಅವನ ಮುಖ ಬೇಯಿಸಿದ ಸೀಗಡಿಯಂತೆ ಕೆಂಪಾಗಿತ್ತು.

"ಯಾವಾಗಾದ್ರೂ ಹೊರಗೆ ಬರ್ಲೇಬೇಕಲ್ವೇನೋ, ಮಗನೇ?"

"ಬರ್ತೀನಿ. ಹಿತ್ತಿಲ ಬಾಗಿಲಿಂದ."

ಯೂಲಾ ಒಲೆಯ ಮುಂದೆ ನಿಂತಿದ್ದಳು. ತೆಳ್ಳಗಿನ, ಮಾತು ಕಡಿಮೆಯ ಹೆಂಗಸು. ಹೊಸಿಲ ಮೇಲಿಂದ ಕೈ ಚಾಚಿ ನನಗೊಂದು ಜೋಳದ ರೊಟ್ಟಿ ಕೊಟ್ಟಳು. "ತಿಂದ್ಕೊಂಡು ಹೋಗು. ಜಾಕ್ಸನ್ ದೂರ."

ಲವಾಲ್ ಕಡೆಯ ರಸ್ತೆಯಲ್ಲಿ ಸಿಕ್ಕ ಲಾರಿ ಹತ್ತಿ ಜಾಕ್ಸನ್ ಸೇರಿದೆ. ಅಲ್ಲಿನ ಕೋರ್ಟಿನಲ್ಲಿ ಫ್ಯಾನು ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ಹಾಲಿಸ್ ಬೈಬಲ್ಲಿನ ಮೇಲೆ ಕೈಯಿಟ್ಟ.

"ನಾನು ಹ್ಯಾಸ್ಕಿನ್ಸ್‌ನವನೇ. ದಿನಾ ಹೆಂಡ್ತಿ ಪಕ್ಕದಲ್ಲೇ ಮಲಗ್ತೀನಿ."

ಒಂದು ಸಲ ತೊದಲಲೂ ಇಲ್ಲ! ಕೈಕೋಳದಲ್ಲಿ ಕೂತಿದ್ದ ಕ್ಲೀಟಸ್ ತಲೆ ತಗ್ಗಿಸಿದ.

ಪುಗ್ ನನ್ನ ಮೇಲೆ ಅತಿಕ್ರಮ ಪ್ರವೇಶದ ದೂರು ಹಿಡಿದುಕೊಂಡು ಅಲ್ಲಿಗೇ ಬಂದಿದ್ದ. ವರ್ನಾ ಅವನನ್ನೇ ಕಟಕಟೆಗೆ ಕರೆದಳು.

"ಟಾಲಿ ಡೀಕನ್ ಮನೆಗೆ ನುಗ್ಗಿದ್ರಾ, ಷೆರೀಫ್?"

"ನುಗ್ಗಿದ! ಕಣ್ಣಾರೆ ನೋಡಿದೀನಿ!"

"ನಿಮ್ಮಿಂದ ಎಷ್ಟು ದೂರದಲ್ಲಿದ್ರು?"

"ಕೈ ಚಾಚಿದ್ರೆ ಕುತ್ತಿಗೆ ಸಿಗ್ತಿತ್ತು."

"ಮತ್ತೆ ಯಾಕೆ ಹಿಡೀಲಿಲ್ಲ? ಹೆದರಿದ್ರಾ?"

"ಹೆದರೋದಾ? ನಾನಾ?" ಪುಗ್ ಎದೆಯುಬ್ಬಿಸಿದ. "ಕಾನೂನು ಗೊತ್ತು ಮೇಡಂ ನನಗೆ! ಆ ಕೋಣೆ ನನ್ನ ಕೌಂಟಿ ಅಲ್ಲ!"

ಹಾಲಿಸ್ ಕಣ್ಣು ಮುಚ್ಚಿಕೊಂಡ.

"ಕೋಣೇಲಿ ಏನೇನಿತ್ತು?"

"ಮೇಜು... ಕುರ್ಚಿ..."

"ಇನ್ನೇನು?"

ಪುಗ್‌ಗೆ ಆಗ ಹೊಳೆಯಿತು. ಕಾಲ ಮಿಂಚಿತ್ತು.

"ಮಂಚ" ಅಂದ, ಪಿಸುದನಿಯಲ್ಲಿ.

ಜಡ್ಜ್ ಗಂಡನ ಜೊತೆ ಬಂದಿದ್ದ ಯೂಲಾಳನ್ನು ಕರೆಸಿ ಪ್ರಮಾಣ ಮಾಡಿಸಿದರು. "ಆ ಮಂಚದಲ್ಲಿ ಯಾರಮ್ಮ ಮಲಗೋದು?"

"ಇವ್ರೇ, ಸ್ವಾಮಿ" ಅಂದಳು ಯೂಲಾ. "ಮದುವೆಯಾದ ಮೂರನೇ ವರ್ಷದಿಂದ. ಆ ವಾಸನೆ ನನ್ನ ಹೊಸಿಲು ದಾಟಬಾರದು ಅಂದಿದ್ದೆ. ಈವರೆಗೂ ದಾಟಿಲ್ಲ. ಆ ವಿಷಯದಲ್ಲಿ ಇವ್ರು ಒಳ್ಳೇವ್ರು."

ಜಡ್ಜ್ ಬರೆದು ಕಳಿಸಿದ್ದನ್ನು ಮೇಲಿನ ಕೋರ್ಟು ಒಪ್ಪಿತು. ಫೋರ್‌ಮನ್ ಸಹಿ ಊರ್ಜಿತವಲ್ಲ, ಆರೋಪಪಟ್ಟಿ ಊರ್ಜಿತವಲ್ಲ, ಶಿಕ್ಷೆ ರದ್ದು.

ಸುದ್ದಿ ಹೇಳಲು ಜೈಲಿಗೆ ನಾನೇ ಹೋದೆ. ಕ್ಲೀಟಸ್ ಸರಳು ಹಿಡಿದುಕೊಂಡು ಮಗುವಿನ ಹಾಗೆ ಅತ್ತುಬಿಟ್ಟ. ನಾನೂ ಕಣ್ಣೊರೆಸಿಕೊಂಡೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

"ಹಾಗಾದ್ರೆ ನಾನು ಕೊಂದಿಲ್ಲ ಅಂತ ಒಪ್ಕೊಂಡ್ರಾ, ರೂಫಸಣ್ಣ?"

"ಇಲ್ಲ ಕಣೋ. ನೀನು ಕೊಂದೆ ಅಂದೋನು ಬೇರೆ ಕೌಂಟೀಲಿ ಗೊರಕೆ ಹೊಡೀತಿದ್ದ ಅಂತ ಒಪ್ಕೊಂಡ್ರು."

ಅವನು ಮೂಗು ಒರೆಸಿಕೊಂಡ.

"ಮುಂದೇನು?"

"ಹೊಸ ಗ್ರ್ಯಾಂಡ್ ಜೂರಿ. ಹೊಸ ಫೋರ್‌ಮನ್."

"ಅವನು ಹೆಂಗೆ?"

"ಮನೆ ಊರ ನಟ್ಟನಡುವೆ. ಕುಡಿಯೋದಿಲ್ಲ. ಹೆಂಡ್ತಿ ಪಕ್ಕದಲ್ಲೇ ಮಲಗ್ತಾನೆ..." ನಾನು ಹ್ಯಾಟು ತಲೆಗಿಟ್ಟುಕೊಂಡೆ. "ಅದೇ ಕಣೋ ಈಗ ಭಯ!"