ಮೀಟರಿನ ಮೇಲಿನ ಕುಂಕುಮ

ಹೇಳಲು ನಾಚಿಕೆಯಾಗುತ್ತದೆ. ನನ್ನ ಹಳೇ ಕಾರಿನ ಮೀಟರಿನಲ್ಲಿ, ಇಂಜಿನ್ ಕೆಟ್ಟಿದೆಯೆಂದು ಎಚ್ಚರಿಸುವ ಹಳದಿ ದೀಪ ಆರುತ್ತಲೇ ಇರಲಿಲ್ಲ. ಆಯುಧಪೂಜೆಯ ದಿನ ಅದರ ಮೇಲೆ ದಪ್ಪಗೆ ಗಂಧ, ಕುಂಕುಮ ಮೆತ್ತಿ, ಅಶೋಕಪುರಂನ ಪುಟ್ಟಲಿಂಗಮ್ಮನವರಿಗೆ ಮಾರಿಬಿಟ್ಟೆ. ಮುಂದಿನ ವಾರ ಅವರ ಗಂಡನಿಗೆ ಎದೆನೋವು ಬಂತು. ಆಸ್ಪತ್ರೆಯ ದಾರಿಯಲ್ಲಿ ಕಾರು ನಿಂತುಹೋಗಿ, ಆತ ಹಿಂದಿನ ಸೀಟಿನಲ್ಲೇ ತೀರಿಕೊಂಡರು.

ತಿಥಿಗೆ ಹೋದಾಗ ಆಕೆ ನನ್ನ ಕೈ ಹಿಡಿದು, "ನೀವೇನ್ ಮಾಡಕಾಯ್ತದೆ ಬುಡಿ ಅಣ್ಣ, ಪೂಜೆ ಮಾಡೇ ಕೊಟ್ಟಿದ್ರಲ್ಲ" ಅಂದರು. ನಾನು ತಲೆಯಾಡಿಸಿ, ಊಟ ಮಾಡಿ ಬಂದೆ.

ಈಗ ಹೊಸ ಕಾರಿದೆ. ದಿನಾ ಬೆಳಿಗ್ಗೆ ಬಾಗಿಲು ತೆಗೆದರೆ ಗಂಧದ ವಾಸನೆ. ಮೀಟರಿನ ಅದೇ ಜಾಗದಲ್ಲಿ ಹಸಿ ಕುಂಕುಮ. ಒರೆಸಿದರೆ ಬೆರಳಿಗೆ ಬೆಚ್ಚಗಾಗುತ್ತದೆ. ಕೀ ಹಾಕುವ ಮೊದಲೇ ಅದರಡಿ ಹಳದಿ ದೀಪ ಉರಿಯುತ್ತಿರುತ್ತದೆ.

ಪೂಜೆ ಮಾಡುವ ಮುಖವಿಲ್ಲದೆ, ಈ ಕಾರಿನೊಳಗೆ ನಾನು ಇದುವರೆಗೂ ಕುಂಕುಮವನ್ನೇ ತಂದಿಲ್ಲ.