ಕೋಟೆಯೊಳಗಿನ ಹುಳಿ ಜರ್ದಾಳು

ಬಲು ಹಿಂದೆ, ಹಿಮ ಮುಸುಕಿದ ಬೆಟ್ಟಗಳ ನಡುವೆ ಶ್ವೇತಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಮಾತಾಡುವವನು ಒಬ್ಬನೇ ಉಳಿದಿದ್ದ, ರಾಜಕುಮಾರ ಕುವಲಯ. ಅವನು ಬೇಟೆಗೆ ಹೋಗಿದ್ದಾಗ ಮಾಂತ್ರಿಕ ಶೀತದಂಷ್ಟ್ರ ಬಂದು, ಅರಮನೆಯ ಜರ್ದಾಳು ತೋಟವನ್ನು ಸುಟ್ಟು, ಜನರನ್ನೆಲ್ಲ ಕಲ್ಲಾಗಿಸಿದ್ದ.

“ಈ ನೆಲದಲ್ಲಿ ಮತ್ತೆ ಜರ್ದಾಳು ಹಣ್ಣಾದರೆ ಅದರ ರಸ ತಾಗಿ ಇವರೆಲ್ಲ ಏಳುತ್ತಾರೆ, ಅಂದೇ ನಾನೂ ಅಳಿಯುತ್ತೇನೆ. ಆದರೆ ಹಣ್ಣಾಗಲು ಬಿಟ್ಟರೆ ತಾನೆ!” ಎಂದು ಮರಳಿ ಬಂದ ಕುವಲಯನೆದುರು ನಕ್ಕು, ಮಾಂತ್ರಿಕ ಶಿಖರವೇರಿ ಕುಳಿತ.

ಕುವಲಯ ಕಣಿವೆಗೆ ಇಳಿದ. ಅಲ್ಲಿ ಮಾತು ಬಲ್ಲ ಹೆಣ್ಣುಕರಡಿಯೊಂದು ಬಗೆಬಗೆಯ ಜರ್ದಾಳು ಸಸಿಗಳನ್ನು ಕಾಯುತ್ತಿತ್ತು. ಅವು ನೆಟ್ಟ ಮರುವಸಂತಕ್ಕೇ ಹೂಬಿಡುವ ಸಸಿಗಳು.

“ಯಾವ ತಳಿ ಬೇಕು, ಅರಸುಮಗನೇ?”

“ಎಲ್ಲಕ್ಕಿಂತ ದೊಡ್ಡ ಹಣ್ಣಿನದು, ಕರಡಿಯಮ್ಮ.”

“ಅದಕ್ಕೆ ಆತುರ ಹೆಚ್ಚು. ಎಲ್ಲಕ್ಕಿಂತ ಮೊದಲು ಹೂಬಿಡುತ್ತದೆ.”

“ಅರಮನೆಗೆ ಮೊದಲನೆಯದೇ ಒಪ್ಪುತ್ತದೆ.”

ಆ ಹೊಂಬಣ್ಣದ ತಳಿಯನ್ನು ತೋಟದ ತುಂಬ ನೆಟ್ಟ. ಚಳಿ ಕಳೆಯುವ ಮುನ್ನವೇ ಹೂ ಅರಳಿತು. ಮಾಂತ್ರಿಕ ಶಿಖರದಿಂದ ಒಮ್ಮೆ ಹಿಮದಂಥ ಉಸಿರು ಬಿಟ್ಟ. ಹೂವೆಲ್ಲ ಕಪ್ಪಾಗಿ ಉದುರಿತು. ಕುವಲಯ ಅದನ್ನು ಕಲ್ಲಾದ ತಾಯಿಗೆ ಹೇಳಿದ. ಹೇಳಲು ಬೇರೆ ಯಾರೂ ಇರಲಿಲ್ಲ.

ಮತ್ತೆ ಕಣಿವೆಗೆ ಹೋದ. “ಬಿಸಿಲೇರಿದ ಮೇಲೆ ಹೂಬಿಡುವುದನ್ನು ಕೊಡು.”

“ಈ ಬಿಳಿಯ ತಳಿ ಒಯ್ಯು. ಆದರೆ ಇದಕ್ಕೆ ಜೊತೆ ಬೇಕು. ಆ ಹುಳಿ ಕಾಡುಜರ್ದಾಳಿನ ಸಸಿಗಳನ್ನೂ ಒಯ್ಯು.”

“ಕೋಟೆಯೊಳಗೆ ಒಂದೇ ಕುಲದ ಮರ. ಉಳಿದವು ಗೋಡೆಯಾಚೆ. ಅದು ನಮ್ಮ ಪದ್ಧತಿ.”

“ತಪ್ಪಿದರೆ ಕೇಳುವವರು ಯಾರು? ಕಲ್ಲುಗಳೇ?”

ಕುವಲಯ ಬಿಳಿಯ ಸಸಿಗಳನ್ನಷ್ಟೇ ಹೊತ್ತು ನಡೆದುಬಿಟ್ಟ. ಹೊಂಬಣ್ಣದವನ್ನು ಕಿತ್ತು ಅವನ್ನು ನೆಟ್ಟ. ಈ ಸಲ ಮಾಂತ್ರಿಕನ ಉಸಿರು ಬಿಸಿಲಿಗೆ ಕರಗಿಹೋಯಿತು. ಹೂವು ಉಳಿಯಿತು, ಜೇನು ಬಂತು, ಆದರೂ ಒಂದು ಕಾಯಿಯೂ ಕಟ್ಟಲಿಲ್ಲ. ಇಡೀ ತೋಟ ತನ್ನಷ್ಟಕ್ಕೆ ತಾನೇ ಮಾತಾಡಿಕೊಂಡು ಸುಮ್ಮನಾದಂತಿತ್ತು.

ಮೂರನೆಯ ಸಲ ಕರಡಿಯ ಮುಂದೆ ತಲೆತಗ್ಗಿಸಿ ನಿಂತ.

“ಆ ತಳಿ ತನ್ನದೇ ಪರಾಗದಿಂದ ಕಾಯಿ ಕಟ್ಟದು. ಬೇರೆ ತಳಿಯದನ್ನು ಜೇನು ತಂದು ಮುಟ್ಟಿಸಬೇಕು,” ಎಂದಿತು ಕರಡಿ.

“ಅಂದೇ ಬಿಡಿಸಿ ಹೇಳಬಾರದಿತ್ತೇ?”

“ನೀನು ನಿಂತೆಯಾ? ಇಲ್ಲಿಗೆ ಬರುವವನು ನೀನೊಬ್ಬನೇ. ನೀನೂ ಸಸಿ ಹೊತ್ತು ಓಡುತ್ತೀಯ.”

ಅಂದು ಕುವಲಯ ಹೊತ್ತಿಳಿಯುವವರೆಗೆ ಅಲ್ಲೇ ಕುಳಿತ. ಇಬ್ಬರಿಗೂ ಹೇಳಿಕೊಳ್ಳುವುದು ಬಹಳವಿತ್ತು.

ಬಿಳಿಯ ಮರಗಳ ನಡುನಡುವೆ ಹುಳಿ ಸಸಿಗಳನ್ನು ನೆಟ್ಟ. ಮರುವಸಂತದಲ್ಲಿ ಎರಡೂ ಒಟ್ಟಿಗೆ ಹೂಬಿಟ್ಟವು, ಜೇನು ಅಲ್ಲಿಂದಿಲ್ಲಿಗೆ ಹಾರಿತು, ಕೊಂಬೆ ಬಾಗುವಷ್ಟು ಕಾಯಿ ಹಿಡಿಯಿತು. ಮಾಂತ್ರಿಕ ತುಟಿ ಬಿರಿಯುವಂತೆ ಊದಿದ. ಮೊದಲ ಹಣ್ಣು ಮಾಗಿ ನೆಲಕ್ಕೆ ಬಿದ್ದ ಗಳಿಗೆಯಲ್ಲಿ ಅವನು ನೀರಾಗಿ ಬೆಟ್ಟದಿಂದ ಹರಿದುಹೋದ.

ಕುವಲಯ ತಾಯಿಯ ಕಲ್ಲುತುಟಿಗೆ ರಸ ಹಿಂಡಿದ. ರಾಣಿ ಕಣ್ಣು ತೆರೆದು ತೋಟದತ್ತ ನೋಡಿದಳು.

“ಆ ಕುಳ್ಳ ಹುಳಿಮರವನ್ನು ಒಳಗೆ ಬಿಟ್ಟವರು ಯಾರು?”

ಎಷ್ಟೋ ಕಾಲದ ಮೇಲೆ ಬೈಗುಳ ಕೇಳಿ ಕುವಲಯನ ಕಣ್ಣು ತುಂಬಿತು. “ನಾನೇ, ಅಮ್ಮ. ಅದಿಲ್ಲದೆ ನೀನು ಏಳುತ್ತಿರಲಿಲ್ಲ.”

ರಾಣಿ ಒಂದು ಹುಳಿಹಣ್ಣು ತಿಂದು ಮುಖ ಕಿವುಚಿದಳು. ಆಮೇಲೆ ಇನ್ನೊಂದಕ್ಕೆ ಕೈಚಾಚಿದಳು.

ಊರೆಲ್ಲ ಎದ್ದಿತು, ಶ್ವೇತಗಿರಿಯ ಜನ ಸುಖವಾಗಿ ಬಾಳಿದರು. ಹಣ್ಣಿನ ಕಾಲದಲ್ಲಿ ಕೋಟೆಯ ಬಾಗಿಲು ಮುಚ್ಚುತ್ತಿರಲಿಲ್ಲ. ಕರಡಿ ಬಂದು ಹುಳಿಮರದ ನೆರಳಲ್ಲಿ ಕೂರುತ್ತಿತ್ತು. ಅದರ ಮಾತು ಮುಗಿಯುವವರೆಗೆ ಕುವಲಯ ಮೇಲೇಳುತ್ತಿರಲಿಲ್ಲ.